ಬ್ಯಾಕ್‌ಸೈಟ್ ಸಿಗಲಿಲ್ಲವೆಂದು ರಸ್ತೆ ಇಳಿದರೆ

ಉತ್ತರ ಶ್ರೀಲಂಕಾದಲ್ಲಿ ಸರ್ವೆಗೆ ಹೋಗುವವರು ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಉಪಕರಣ) ಬಿಚ್ಚುವ ಮೊದಲು ಡೇಟಮ್, ಅಂದರೆ ನಕ್ಷೆಯ ಸ್ಥಾನಗಳನ್ನು ಯಾವ ಆಧಾರದಿಂದ ಅಳೆದಿದ್ದಾರೆ ಎಂಬುದನ್ನು, ನೋಡಬೇಕು. ನಾನು ನೋಡಿರಲಿಲ್ಲ.

ಮುಹಮಾಲೈ ಹತ್ತಿರ, ಎ-9 ರಸ್ತೆಯ ಪಕ್ಕ ಟ್ರಾವರ್ಸ್, ಅಂದರೆ ಬಿಂದುವಿನಿಂದ ಬಿಂದುವಿಗೆ ಅಳೆಯುತ್ತ ಹೋಗುವ ಸರ್ವೆ. ಯುದ್ಧ 2009ರಲ್ಲೇ ಮುಗಿದಿದ್ದರೂ ಇದು ಹಳೆಯ ಮುಂಚೂಣಿ. ನೆಲಬಾಂಬು ದಟ್ಟವಾಗಿ ಹೂತ ಜಾಗ. ಬ್ಯಾಕ್‌ಸೈಟ್‌ಗೆ, ಅಂದರೆ ಹಿಂದಿನ ಬಿಂದುವಿನತ್ತ ನೋಡುವ ನೇರಕ್ಕೆ, ಪೊದೆ ಅಡ್ಡ ಬಂತು. 'ಶೀಟ್ ಪ್ರಕಾರ ಕ್ಲಿಯರ್ ಇದೆ, ನಾಲ್ಕು ಹೆಜ್ಜೆ ಒಳಗೆ ಹೋಗಪ್ಪ' ಎಂದು ಪ್ರಿಸಂ (ಅಳತೆಯ ಗುರಿಗಾಜು) ಇರುವ ಪೋಲ್ ಹಿಡಿದ ಹುಡುಗನಿಗೆ ವಾಕಿಯಲ್ಲಿ ಹೇಳಿದೆ. ಹನ್ನೆರಡು ಹೆಜ್ಜೆ ಹೋದ.

'ಸಾರ್, ಇಲ್ಲೊಂದು ಕೆಂಪು ಗೂಟ ಬಿದ್ದಿದೆ.'

'ಅಲ್ಲೇ ನಿಲ್ಲು. ಪೋಲ್ ಊರಬೇಡ!' ಕೆಂಪು ಗೂಟ ನೆಲಬಾಂಬಿನ ಅಪಾಯದ ಗುರುತು. ಪೋಲಿನ ತುದಿಯೋ ಚೂಪು. ಪಾಪ, ಅದನ್ನು ಎತ್ತಿ ಹಿಡಿದೇ ನಿಂತ. ಒಣ ನೆಲ, ಹೆಜ್ಜೆ ಗುರುತು ಒಂದೆರಡೇ ಕಾಣುತ್ತಿದ್ದವು. ಹಾಗಾಗಿ ವಾಪಸ್ ನಡೆಸಲಿಲ್ಲ. ನೆಲಬಾಂಬು ತೆರವು ತಂಡ ಬಂದು ದಾರಿ ಮಾಡಿ ಕರೆತರುವವರೆಗೆ ಯಾರೂ ಅವನತ್ತ ಹೋಗಲಿಲ್ಲ. ಆಗಾಗ ಕೈ ಬದಲಿಸುತ್ತಿದ್ದ. ನಾನು ಲೆನ್ಸಿನಲ್ಲಿ ಅವನ ಬೂಟನ್ನೇ ನೋಡುತ್ತಿದ್ದೆ.

ತಪ್ಪು ಆಗಿದ್ದು ಹೀಗೆ. ಅಪಾಯದ ಜಾಗದ ಗಡಿ ತೋರಿಸುವ ಪಾಲಿಗಾನ್ ಮೂಲೆಗಳು ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್-84 ಡೇಟಮ್‌ನ ಅಕ್ಷಾಂಶ-ರೇಖಾಂಶದಲ್ಲಿ ಬಂದಿದ್ದವು. ನಮ್ಮ ಬೇಸ್ ಶೀಟ್, ಅಂದರೆ ಮೂಲ ನಕ್ಷೆ, ಶ್ರೀಲಂಕಾದ ಹಳೆಯ ಕಂದವಲ ಡೇಟಮ್. ಪರಿವರ್ತಿಸದೆ ಒಂದರ ಮೇಲೊಂದು ಕೂರಿಸಿದರೆ 200 ಮೀಟರಿಗೂ ಹೆಚ್ಚು ಜರುಗುತ್ತದೆ. ಪಾಲಿಗಾನ್ ಫೈಲಿನಲ್ಲಿ ರಸ್ತೆಯೇ ಇಲ್ಲದ್ದರಿಂದ ಕಣ್ಣಿಗೆ ಬೀಳಲಿಲ್ಲ. ಯಾವುದಾದರೂ ಕಲ್ವರ್ಟ್ ಮೇಲೆ ಜಿಪಿಎಸ್ ಇಟ್ಟು ಶೀಟಿಗೆ ಹೋಲಿಸಿದ್ದರೆ ಹತ್ತು ನಿಮಿಷದ ಕೆಲಸ.

ಗೂಟ ಕಾಣದಿದ್ದರೆ ಜಾಗ ಸುರಕ್ಷಿತ ಅಂತಲ್ಲ. ಗೆದ್ದಲು ತಿನ್ನುತ್ತದೆ, ಅಕ್ಟೋಬರ್‌ನಿಂದ ಸುರಿಯುವ ಹಿಂಗಾರು ಕೊಚ್ಚಿಕೊಂಡು ಹೋಗುತ್ತದೆ, ಸೌದೆಗೂ ಕಿತ್ತಿರುತ್ತಾರೆ. ಬಾಡಿಗೆ ಮೆಟಲ್ ಡಿಟೆಕ್ಟರ್ ನಂಬುವುದೂ ಬೇಡ. ಅಲ್ಲಿ ಸಿಗುವ ಪಿ-4 ನೆಲಬಾಂಬು ಬಹುಪಾಲು ಪ್ಲಾಸ್ಟಿಕ್.

ತೆರವಾದ ಜಾಗದಲ್ಲೂ ತೆರವು ಸರ್ಟಿಫಿಕೇಟಿನಲ್ಲಿ ಬರೆದ ಆಳದವರೆಗೆ ಮಾತ್ರ ಭರವಸೆ. ಬಿಎಂಗೆ (ಎತ್ತರದ ಗುರುತು, ಬೆಂಚ್‌ಮಾರ್ಕ್) ಉದ್ದನೆಯ ಸರಳು ಹೊಡೆದರೆ ಆ ಆಳ ದಾಟುತ್ತದೆ. ಕಲ್ವರ್ಟ್ ಗೋಡೆಗೋ ಟಾರಿಗೋ ಮೊಳೆ ಹೊಡೆಯಿರಿ. ನಮ್ಮ ದೈನಿಕ ರಿಪೋರ್ಟಿನಲ್ಲಿ ಕಿಲೋಮೀಟರಿಗೆ ಕಾಲಂ ಇದೆ, ಸರ್ಟಿಫಿಕೇಟ್ ನಂಬರಿಗೆ ಇಲ್ಲ.

ಕೊನೆಗೆ ಟಾರ್ ಬಿಡದೆ ಎರಡು ಸ್ಟೇಷನ್ (ಉಪಕರಣ ನಿಲ್ಲಿಸುವ ಬಿಂದು) ಹೆಚ್ಚು ಹಾಕಿ ಪೊದೆ ಸುತ್ತಿ ಬಂದೆವು. ಹೆಡ್ ಆಫೀಸಿನಿಂದ ಬಂದ ಪ್ರಶ್ನೆ ಒಂದೇ: ಎರಡು ಸ್ಟೇಷನ್ ಜಾಸ್ತಿ ಯಾಕೆ?