ಅಪ್ಪನ ಕಂಪ್ಯೂಟರಿಗೆ ಹದಿನಾರು ಜಿಬಿ

ಸಾಗರದ ನಮ್ಮ ಮನೆಯ ಕಂಪ್ಯೂಟರನ್ನು ಕೊಂಡದ್ದು 2013ರಲ್ಲಿ. ನಿವೃತ್ತ ಕನ್ನಡ ಅಧ್ಯಾಪಕರಾದ ಅಪ್ಪ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಓರೆಯಾದ ಪುಟಗಳನ್ನು ನೆಟ್ಟಗಾಗಿಸಿ, ಗೆದ್ದಲು ತಿಂದ ಅಂಚುಗಳನ್ನೂ ಕಲೆಗಳನ್ನೂ ಅಳಿಸಿ, ಪಿಡಿಎಫ್ ಮಾಡಿಡುವ ಕೆಲಸವನ್ನು ಅದರಲ್ಲಿಯೇ ನಡೆಸಿಕೊಂಡು ಬಂದಿದ್ದಾರೆ. 2025ರ ದೀಪಾವಳಿಗೆ ನಾನು ಊರಿಗೆ ಹೋದಾಗ ಆ ಯಂತ್ರ ಎಷ್ಟು ಸೋತಿತ್ತೆಂದರೆ, ಒಂದು ಪುಟವನ್ನು ತಿರುಗಿಸುವ ಗುಂಡಿ ಒತ್ತಿ ಅಪ್ಪ ಅಡಿಗೆಮನೆಗೆ ಹೋಗಿ ನೀರು ಕುಡಿದು ಬರುತ್ತಿದ್ದರು. ರಿಪೇರಿ ಅಂಗಡಿಯೊಂದರವರು ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯದೆ "ಹತ್ತು ವರ್ಷ ದಾಟಿದ ಮಾಲು, ಇನ್ನು ಹೊಸದೇ ತೆಗೆದುಕೊಳ್ಳಿ" ಎಂದು ಹೇಳಿ ಕಳುಹಿಸಿದ್ದರಂತೆ. ಈ ಮಾತು ನನಗೆ ಬೇಸರ ತಂದಿತು. ಹೊಸದು ಬೇಕೇ ಬೇಡವೇ ಎಂಬುದು ಆಮೇಲಿನ ಪ್ರಶ್ನೆ. ಯಂತ್ರ ಎಲ್ಲಿ ತಡೆದು ನಿಲ್ಲುತ್ತಿದೆ ಎಂದು ನೋಡದೆ ಅದರ ಆಯುಷ್ಯ ಮುಗಿಯಿತೆಂದು ಹೇಳುವುದು ನಾಡಿ ಹಿಡಿಯದೆ ಔಷಧ ಬರೆದುಕೊಟ್ಟಂತೆ.

ನೋಡುವುದಕ್ಕೆ ಐದು ನಿಮಿಷ ಸಾಕಾಯಿತು. ಅಪ್ಪ ಎಂದಿನಂತೆ ಕೆಲಸ ಮಾಡುತ್ತಿರಲಿ ಎಂದು ಹೇಳಿ, ಪಕ್ಕದಲ್ಲಿ ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರನ್ನು ತೆರೆದಿಟ್ಟು ಕುಳಿತೆ. ಪ್ರೊಸೆಸರ್ ಐ5-3470, ನಾಲ್ಕು ಕೋರುಗಳದ್ದು. ಅದು ಶೇಕಡ ಹದಿನೈದನ್ನೂ ಮುಟ್ಟದೆ ಸುಮ್ಮನೆ ಕುಳಿತಿತ್ತು. ಮೆಮೊರಿ, ಅಂದರೆ ತೆರೆದ ಕೆಲಸವನ್ನು ಸದ್ಯಕ್ಕೆ ಹಿಡಿದಿಡುವ ರ್‍ಯಾಮ್, ಮಾತ್ರ ಶೇಕಡ 96ರಲ್ಲಿ ಏರಿ ನಿಂತು ಕೆಳಗಿಳಿಯಲೇ ಇಲ್ಲ. ಹಾರ್ಡ್ ಡಿಸ್ಕ್ ಶೇಕಡ 100. ಪೆಟ್ಟಿಗೆಯ ಮುಂಭಾಗದ ಕೆಂಪು ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮನೆ ಉರಿಯುತ್ತಿತ್ತು, ಒಳಗಿನಿಂದ ಡಿಸ್ಕಿನ ಕರಕರ ಸದ್ದು ನಿರಂತರವಾಗಿ ಕೇಳುತ್ತಿತ್ತು. ದುಡಿಯಬೇಕಾದ ಪ್ರೊಸೆಸರ್ ಕಾಯುತ್ತಾ ಕುಳಿತು, ಡಿಸ್ಕ್ ಒಂದೇ ಏದುಸಿರು ಬಿಡುತ್ತಿದ್ದರೆ ಮೆಮೊರಿ ಸಾಲುತ್ತಿಲ್ಲ ಎಂದೇ ಹೆಚ್ಚುಕಡಿಮೆ ತಿಳಿಯಬಹುದು.

ಇದ್ದದ್ದು 4 ಜಿಬಿಯ ಒಂದೇ ಸ್ಟಿಕ್, ಅಂದರೆ ಮೆಮೊರಿ ಚಿಪ್ಪುಗಳನ್ನು ಕೂರಿಸಿದ ಒಂದೇ ಪಟ್ಟಿ. ಸ್ಕ್ಯಾನ್ ಮಾಡಿದ ಪುಟದ ಫೈಲು ನೋಡಿದರೆ ಒಂದೋ ಎರಡೋ ಎಂಬಿ ಇರುತ್ತದೆ, ಇಷ್ಟು ಸಣ್ಣ ಫೈಲುಗಳಿಗೆ 4 ಜಿಬಿ ಏಕೆ ಸಾಲದು ಎಂದು ಅಪ್ಪ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ಡಿಸ್ಕಿನಲ್ಲಿರುವಾಗ ಆ ಪುಟ ಜೆಪೆಗ್ ರೂಪದಲ್ಲಿ ಹಿಂಡಿ ಮಡಚಿಟ್ಟ ಬಟ್ಟೆಯಂತೆ ಇರುತ್ತದೆ. ತಿದ್ದುವುದಕ್ಕೆಂದು ತೆರೆದ ಕೂಡಲೇ ಅದನ್ನು ಪೂರ್ತಿಯಾಗಿ ಬಿಡಿಸಿ ಹರಡಬೇಕು. ಎ4 ಅಳತೆಯ ಪುಟವನ್ನು ಇಂಚಿಗೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟಿನಂತೆ ಲೆಕ್ಕ ಹಾಕಿದರೆ ಒಂದೇ ಪುಟಕ್ಕೆ 26 ಎಂಬಿ ಬೇಕು. ಅರವತ್ತು ಪುಟ ತೆರೆದರೆ ಒಂದೂವರೆ ಜಿಬಿ ಮುಗಿಯಿತು. ಮಾಡಿದ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯುವ ಅವಕಾಶವಿರಲೆಂದು ತಂತ್ರಾಂಶ ಹಳೆಯ ಪ್ರತಿಯನ್ನೂ ಜೊತೆಗೆ ಇಟ್ಟುಕೊಳ್ಳುತ್ತದೆ, ಅದು ಇನ್ನೊಂದಷ್ಟು. ನಿಘಂಟಿಗೆಂದು ತೆರೆದ ಬ್ರೌಸರ್, ವಿಂಡೋಸ್‌ನದೇ ಪಾಲು, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತನಗೆಂದು ಕಿತ್ತುಕೊಳ್ಳುವ ಪಾಲು, ಇವೆಲ್ಲ ಸೇರಿದ ಮೇಲೆ ಉಳಿಯುವುದೇನು?

ಜಾಗ ಸಾಲದಾದಾಗ ಯಂತ್ರ ಕೆಲಸ ನಿಲ್ಲಿಸುವುದಿಲ್ಲ. ಸದ್ಯಕ್ಕೆ ಬೇಡವೆನಿಸಿದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಅಡಿಗೆಕಟ್ಟೆ ಚಿಕ್ಕದಾದರೆ ಪಾತ್ರೆಗಳನ್ನು ಅಟ್ಟಕ್ಕೆ ಏರಿಸಿ ಇಳಿಸುತ್ತಾ ಅಡಿಗೆ ಮಾಡಿದ ಹಾಗೆ. ಆದರೆ ಕಟ್ಟೆಗೂ ಅಟ್ಟಕ್ಕೂ ಇರುವ ಅಂತರ ಇಲ್ಲಿ ನಮ್ಮ ಊಹೆಗೆ ಮೀರಿದ್ದು. ಮೆಮೊರಿಯಿಂದ ಒಂದು ಮಾಹಿತಿ ಕೈಗೆ ಬರಲು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತು ಮುಗಿಸಲೇ ಎಂಟು ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಎರಡರ ನಡುವೆ ಸುಮಾರು ಒಂದು ಲಕ್ಷ ಪಟ್ಟು ವ್ಯತ್ಯಾಸವಿದೆ. ಕಟ್ಟೆಯ ಮೇಲಿನ ಉಪ್ಪಿನ ಡಬ್ಬಿಗೆ ಕೈಚಾಚಲು ಒಂದು ಸೆಕೆಂಡ್ ಬೇಕೆಂದಾದರೆ, ಅಟ್ಟದಿಂದ ಅದನ್ನು ಇಳಿಸಲು ಒಂದು ಹಗಲು ಒಂದು ರಾತ್ರಿ ಕಳೆದ ಮೇಲೂ ಕೆಲವು ಗಂಟೆ ಬೇಕು. ಅಪ್ಪ ನೀರು ಕುಡಿದು ಬರುತ್ತಿದ್ದ ಹೊತ್ತೆಲ್ಲ ಈ ಅಟ್ಟ ಹತ್ತಿ ಇಳಿಯುವುದಕ್ಕೇ ಹೋಗುತ್ತಿತ್ತು.

ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದರೆ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಕಂಪ್ಯೂಟರ್ ಶುರುವಾಗುವುದೇ ತಡವಾಗುತ್ತದೆ ಎಂಬುದಷ್ಟೇ ದೂರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿಯ ಕೊರತೆ ಬೇರೆ. ಎಸ್‌ಎಸ್‌ಡಿ ಅಟ್ಟದ ಏಣಿಯನ್ನು ಚೆನ್ನಾಗಿ ಮಾಡುತ್ತದೆಯೇ ಹೊರತು ಕಟ್ಟೆಯನ್ನು ದೊಡ್ಡದು ಮಾಡುವುದಿಲ್ಲ.

ಸರಿ, ಯಾವ ಮೆಮೊರಿ ಕೊಳ್ಳಬೇಕು? ಈ ವಿಷಯದಲ್ಲಿ ಆತುರ ಸಲ್ಲದು ಎಂಬುದನ್ನು ನಾನು ಮೊದಲ ಖರೀದಿಯಲ್ಲಿಯೇ ಕಲಿತೆ. ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆಯಾದ ನಮ್ಮ ಮದರ್‌ಬೋರ್ಡ್ ಎಚ್61 ಚಿಪ್‌ಸೆಟ್‌ನದು: ಸ್ಟಿಕ್ ಕೂರಿಸುವ ಎರಡು ಸ್ಲಾಟುಗಳು, ಡಿಡಿಆರ್3 ಎಂಬ ಪೀಳಿಗೆಯ ಮೆಮೊರಿ, ಸ್ಲಾಟಿಗೆ 8ರಂತೆ ಗರಿಷ್ಠ 16 ಜಿಬಿ. ಡಿಡಿಆರ್3 ಸ್ಟಿಕ್ಕಿಗೆ 240 ಪಿನ್ನುಗಳಿದ್ದರೆ, 2014ರ ಹೊತ್ತಿಗೆ ಬಂದ ಡಿಡಿಆರ್4ಕ್ಕೆ 288. ಕಚ್ಚಿನ ಸ್ಥಳವೂ ಬೇರೆ, ವೋಲ್ಟೇಜೂ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲವಾದ್ದರಿಂದ ಅಲ್ಲಿ ತಪ್ಪಾಗುವ ಭಯವಿಲ್ಲ. ಡಿಡಿಆರ್3 ಎಂದು ಬರೆದದ್ದೆಲ್ಲ ಒಂದೇ ಎಂದು ನಂಬುವುದರಲ್ಲಿಯೇ ತಪ್ಪು ಅಡಗಿದೆ. ಅಂತರ್ಜಾಲದ ಮಳಿಗೆಯೊಂದರಲ್ಲಿ ತೀರ ಅಗ್ಗಕ್ಕೆ ಸಿಕ್ಕಿದ 8 ಜಿಬಿಯ ಹೊಸ ಸ್ಟಿಕ್ಕನ್ನು ತರಿಸಿ ಹಾಕಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು, ಒಳಗಿನ ಪುಟ್ಟ ಸ್ಪೀಕರ್ ಉದ್ದಕ್ಕೆ ಪೀಂ ಎಂದು ಕೂಗತೊಡಗಿತು. ಹಳೆಯದನ್ನು ಮರಳಿ ಹಾಕಿದರೆ ಎಲ್ಲವೂ ಸರಿ.

ಕಾರಣ ತಿಳಿಯಲು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಪಕ್ಕಪಕ್ಕದಲ್ಲಿ ನೋಡಿದೆ. ಬಂದ ಸ್ಟಿಕ್ಕಿನ ಎರಡೂ ಮಗ್ಗುಲಿಗೆ ಎಂಟೆಂಟರಂತೆ ಹದಿನಾರು ಕಪ್ಪು ಚಿಪ್ಪುಗಳು. ಸರಿಯಾದ 8 ಜಿಬಿ ಸ್ಟಿಕ್ಕಿನಲ್ಲೂ ಹದಿನಾರೇ ಇರುತ್ತವೆ, ಕಣ್ಣಿಗೆ ಭೇದವೇ ಕಾಣದು. ಭೇದವಿರುವುದು ಪ್ರತಿಯೊಂದು ಚಿಪ್ಪು ಒಂದು ಸಲಕ್ಕೆ ಎಷ್ಟು ಬಿಟ್ (ಒಂದು ಅಥವಾ ಸೊನ್ನೆ ಎಂಬ ಅತಿ ಸಣ್ಣ ಮಾಹಿತಿ) ಕೊಡುತ್ತದೆ ಎಂಬುದರಲ್ಲಿ. ಇಂಟೆಲ್‌ನ ಮನೆಬಳಕೆಯ ಪ್ರೊಸೆಸರುಗಳು ಎಂಟು ಬಿಟ್ಟಿನ ಚಿಪ್ಪುಗಳನ್ನು ಒಪ್ಪುತ್ತವೆ, ನಾಲ್ಕು ಬಿಟ್ಟಿನವನ್ನು ಒಪ್ಪುವುದಿಲ್ಲ. ನಾಲ್ಕು ಬಿಟ್ಟಿನ ಚಿಪ್ಪುಗಳಿಂದ ಕಟ್ಟಿದ ಅಗ್ಗದ ಸ್ಟಿಕ್ಕುಗಳು ಇನ್ನೊಂದು ಪ್ರೊಸೆಸರ್ ಕಂಪನಿಯಾದ ಎಎಂಡಿಯ ಕೆಲವು ಬೋರ್ಡುಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ, ಮತ್ತು ಆ ಮಾತನ್ನು ಮಾರುವವರು ಕೆಲವೊಮ್ಮೆ ವಿವರಣೆಯ ತೀರ ಕೊನೆಯ ಸಾಲಿನಲ್ಲಿ ಹಾಕಿರುತ್ತಾರೆ, ಕೆಲವೊಮ್ಮೆ ಹಾಕಿಯೇ ಇರುವುದಿಲ್ಲ. ಸ್ಟಿಕ್ಕಿನ ಚೀಟಿಯಲ್ಲಿ "2ಆರ್‌ಎಕ್ಸ್8" ಎಂಬ ಗುರುತಿದೆಯೇ ಎಂದು ನೋಡಿಯೇ ಹಣ ಕೊಡಬೇಕು; ಕೊನೆಯ 8 ಎಂದರೆ ಎಂಟು ಬಿಟ್ಟಿನ ಚಿಪ್ಪು. ಪಕ್ಕದಲ್ಲಿ "ಪಿಸಿ3-12800" ಎಂದಿದ್ದರೆ ಅದರ ವೇಗ 1600 ಎಂದರ್ಥ; ಸೆಕೆಂಡಿಗೆ 160 ಕೋಟಿ ಸಲ, ಸಲಕ್ಕೆ 8 ಬೈಟಿನಂತೆ, 12,800 ಎಂಬಿ. ಚೀಟಿಯಲ್ಲಿ ಎರಡು ಬೇರೆಬೇರೆ ಸಂಖ್ಯೆಗಳನ್ನು ಕಂಡು ಗಾಬರಿಯಾಗುವವರಿದ್ದಾರೆ, ಎರಡೂ ಹೇಳುವುದು ಒಂದನ್ನೇ.

ಆ ಸ್ಟಿಕ್ಕನ್ನು ಹಿಂದಿರುಗಿಸಿ, ಬೆಂಗಳೂರಿಗೆ ಮರಳಿದ ಮೇಲೆ ಎಸ್.ಪಿ. ರಸ್ತೆಗೆ ಹೋದೆ. ಹಳೆಯ ಕಂಪ್ಯೂಟರುಗಳ ಭಾಗಗಳಿಗೆ ಅಂಥ ಇನ್ನೊಂದು ಬೀದಿ ನಮ್ಮ ರಾಜ್ಯದಲ್ಲಿಲ್ಲ ಎಂದೇ ನನ್ನ ಭಾವನೆ. ಒಂದೇ ಕಂಪನಿಯ, ಒಂದೇ ಗುರುತಿನ, ಬಳಸಿದ 8 ಜಿಬಿಯ ಎರಡು ಸ್ಟಿಕ್ಕುಗಳನ್ನು ಆರಿಸಿ, ಅಂಗಡಿಯ ಬೋರ್ಡಿನಲ್ಲಿಯೇ ಹಾಕಿ ತೋರಿಸಿ ಎಂದು ಕೇಳಿಕೊಂಡೆ. ಅಂಗಡಿಯಾತ ಬೇಸರಿಸದೆ ತೋರಿಸಿದ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಹೊಸ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿಹೋಗಿತ್ತು. ಹಾಗಿದ್ದರೂ ಈ ಜೋಡಿಗೆ ನಾನು ಕೊಟ್ಟ ಹಣ ಹೊಸ ಕಂಪ್ಯೂಟರಿನ ಬೆಲೆಯ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಜೋಡಿಯೇ ಬೇಕೆಂದು ಹಟ ಹಿಡಿದದ್ದಕ್ಕೆ ಕಾರಣವಿದೆ: ಸಮನಾದ ಎರಡು ಸ್ಟಿಕ್ಕುಗಳಿದ್ದಾಗ ಪ್ರೊಸೆಸರ್ ಎರಡರಿಂದಲೂ ಏಕಕಾಲಕ್ಕೆ ಓದುತ್ತದೆ, ದಾರಿ 64 ಬಿಟ್ಟಿನಿಂದ 128ಕ್ಕೆ ಅಗಲವಾಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮೆಮೊರಿಯನ್ನೇ ಹಂಚಿಕೊಳ್ಳುವ ನಮ್ಮಂಥ ಯಂತ್ರಕ್ಕೆ ಅದರ ಪ್ರಯೋಜನ ಹೆಚ್ಚು.

ಮುಂದಿನ ಸಲ ಊರಿಗೆ ಹೋದಾಗ ಮುಚ್ಚಳ ತೆಗೆದೆವು. ಗಾಳಿ ಹೋಗುವ ಕಿಂಡಿಗಳಲ್ಲಿ ಮೂರಕ್ಕೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು, ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಧೂಳು ಮಳೆಗಾಲದ ತೇವಕ್ಕೆ ಅಂಟಿಕೊಂಡು ಗಟ್ಟಿಯಾಗಿತ್ತು. ಅವನ್ನೆಲ್ಲ ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿದೆವು. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಒಳಗೆ ಉಳಿದಿರಬಹುದಾದ ವಿದ್ಯುತ್ತನ್ನು ಹೊರಹಾಕಿ, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಆಮೇಲೆ ಸ್ಟಿಕ್ಕಿಗೆ ಕೈ ಹಾಕಬೇಕು. ನಮ್ಮ ಮಲೆನಾಡಿನ ತೇವದಲ್ಲಿ ಮೈಯಲ್ಲಿ ಸ್ಥಿರವಿದ್ಯುತ್ತು ಅಷ್ಟಾಗಿ ಸೇರದು. ಬೇಸಗೆಯ ಒಣಗಾಳಿಯ ಕಲಬುರಗಿಯಲ್ಲೋ ವಿಜಯಪುರದಲ್ಲೋ ಇದೇ ಕೆಲಸ ಮಾಡುವವರು ಈ ಮುಟ್ಟುವ ಕ್ರಮವನ್ನು ಎಂದಿಗೂ ಬಿಡಬಾರದು. ಸ್ಲಾಟಿನ ಎರಡೂ ತುದಿಯ ಬಿಳಿ ಕೊಂಡಿಗಳನ್ನು ಹೊರಕ್ಕೆ ಮಡಚಿ, ಕಚ್ಚು ನಡುವಿಗಲ್ಲದೆ ಒಂದು ಪಕ್ಕಕ್ಕೆ ಇರುವುದನ್ನು ಗಮನಿಸಿ ಹೊಂದಿಸಿ, ಎರಡು ಹೆಬ್ಬೆರಳುಗಳಿಂದ ಎರಡೂ ತುದಿಗಳನ್ನು ನೇರವಾಗಿ ಕೆಳಕ್ಕೆ ಒತ್ತಬೇಕು. ಎಷ್ಟು ಬಲ ಬೇಕಾಗುತ್ತದೆಂದರೆ ಬೋರ್ಡೇ ಮುರಿದೀತೇನೋ ಎಂದು ಎದೆ ಒಮ್ಮೆ ಡವಗುಟ್ಟುತ್ತದೆ. ಕೊಂಡಿಗಳು ತಾವಾಗಿಯೇ ಟಕ್ ಎಂದು ಮುಚ್ಚಿಕೊಂಡವು. ಆ ಸದ್ದು ಎರಡೂ ತುದಿಯಿಂದ ಬರುವವರೆಗೆ ಕೆಲಸ ಮುಗಿದಿಲ್ಲವೆಂದೇ ಎಣಿಸಬೇಕು. ಅರ್ಧ ಕುಳಿತ ಸ್ಟಿಕ್ಕನ್ನು ಕೆಟ್ಟ ಸ್ಟಿಕ್ಕೆಂದು ತಿಳಿದು ಬಿಸಾಡಿದವರನ್ನು ನಾನು ಬಲ್ಲೆ.

ಆನ್ ಮಾಡಿದಾಗ, ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶವಾದ ಬಯಾಸ್ 16 ಜಿಬಿ ತೋರಿಸಿತು, ವಿಂಡೋಸ್ ಬಳಸಬಲ್ಲದ್ದು ಮಾತ್ರ ಮೂರೂ ಚಿಲ್ಲರೆ ಜಿಬಿ. ಇದನ್ನು ನಾನು ನಿರೀಕ್ಷಿಸಿದ್ದೆ. 2013ರಲ್ಲಿ ಜೋಡಿಸಿಕೊಟ್ಟವರು 32 ಬಿಟ್ಟಿನ ವಿಂಡೋಸ್ 7 ಹಾಕಿದ್ದರು, ಅದೇ ಮುಂದೆ 32 ಬಿಟ್ಟಿನ ವಿಂಡೋಸ್ 10 ಆಗಿತ್ತು. ಮೂವತ್ತೆರಡು ಬಿಟ್ಟುಗಳಿಂದ ಬರೆಯಬಹುದಾದ ವಿಳಾಸಗಳು 4,29,49,67,296 ಮಾತ್ರ, ವಿಳಾಸಕ್ಕೊಂದು ಬೈಟಿನಂತೆ 4 ಜಿಬಿ. ಅದರಲ್ಲೂ ಒಂದಷ್ಟು ವಿಳಾಸಗಳು ಗ್ರಾಫಿಕ್ಸ್ ಮೊದಲಾದ ಯಂತ್ರಭಾಗಗಳಿಗೆ ಮೀಸಲು. ಮನೆಗೆ ಬಾಗಿಲುಸಂಖ್ಯೆಯೇ ಇಲ್ಲದಿದ್ದರೆ ಅಂಚೆಯವನು ತಲುಪುವುದೆಂತು? ವಿಂಡೋಸ್ 10ಕ್ಕೆ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ, ಮತ್ತು ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪದಿರುವುದರಿಂದ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ 64 ಬಿಟ್ಟಿನ ಲಿನಕ್ಸ್ ಮಿಂಟ್ ಹಾಕಿದೆ. ಅಪ್ಪನ ಬೆರಳಿಗೆ ಒಗ್ಗಿದ ಕಗಪ ಕೀಲಿಮಣೆಯ ವಿನ್ಯಾಸ ಅದರಲ್ಲಿಯೂ ಇದೆ. ನುಡಿ ತಂತ್ರಾಂಶದ ಹಳೆಯ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವುದಕ್ಕೆ ಒಂದು ದಿನ ಹಿಡಿಯಿತು.

ಅದಕ್ಕೂ ಮುಂಚಿನ ರಾತ್ರಿಯನ್ನು ಮೆಮ್‌ಟೆಸ್ಟ್‌ಗೆ ಬಿಟ್ಟುಕೊಟ್ಟಿದ್ದೆ. ಪೆನ್‌ಡ್ರೈವಿನಿಂದ ನೇರವಾಗಿ ಶುರುವಾಗುವ ಈ ಉಚಿತ ತಂತ್ರಾಂಶ ಮೆಮೊರಿಯ ಮೂಲೆಮೂಲೆಗೂ ಬರೆದು, ಮತ್ತೆ ಓದಿ, ಬರೆದದ್ದೇ ಬಂತೇ ಎಂದು ತಾಳೆ ನೋಡುತ್ತದೆ. ಬಳಸಿದ ಮೆಮೊರಿ ಕೊಂಡವರು ಇದನ್ನು ಮಾಡಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೆಟ್ಟ ಮೆಮೊರಿ ಯಂತ್ರವನ್ನು ನಿಲ್ಲಿಸಿದರೆ ಪುಣ್ಯ, ಎಷ್ಟೋ ಸಲ ಅದು ಸದ್ದಿಲ್ಲದೆ ಫೈಲಿನೊಳಗಿನ ಅಕ್ಷರಗಳನ್ನೇ ಕೆಡಿಸುತ್ತದೆ. ಹನ್ನೊಂದರ ಹೊತ್ತಿಗೆ ಕರೆಂಟ್ ಹೋಗಿ ಪರೀಕ್ಷೆ ನಿಂತಿತು, ಮತ್ತೆ ಮೊದಲಿನಿಂದ ಶುರು ಮಾಡಿದೆ. ಕರೆಂಟ್ ಹೋದೊಡನೆ ಇದು ಎಲ್ಲವನ್ನೂ ಮರೆಯುವುದೇಕೆ ಎಂದು ಅಪ್ಪ ಕೇಳಿದ್ದು ಆಗಲೇ. ಐಬಿಎಂನ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಯೋಚಿಸಿದ ಉಪಾಯ ಇಂದಿಗೂ ಇದರ ಬುನಾದಿ: ಒಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುತ್ತು ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೆ ಅದು ತೂತುಬಿದ್ದ ಚೊಂಬಿನಂತೆ ಸೋರುತ್ತಲೇ ಇರುತ್ತದೆ, 64 ಮಿಲಿಸೆಕೆಂಡಿನೊಳಗೆ ಮತ್ತೆ ತುಂಬದಿದ್ದರೆ ನೆನಪು ಉಳಿಯುವ ಭರವಸೆಯಿಲ್ಲ. ಒಂದು ಸ್ಟಿಕ್ಕಿನಲ್ಲಿ ಇಂಥವು ಸುಮಾರು 6,870 ಕೋಟಿ ಇವೆ, ಸೆಕೆಂಡಿಗೆ ಹದಿನೈದು ಸಲಕ್ಕಿಂತ ಹೆಚ್ಚು ಎಲ್ಲವನ್ನೂ ತುಂಬಲಾಗುತ್ತದೆ ಎಂದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ನೋಡಿದರೆ ತಪ್ಪುಗಳ ಎಣಿಕೆಯ ಮುಂದೆ ಸೊನ್ನೆಯೇ ಇತ್ತು.

ಈಗ ಅವರು ಇನ್ನೂರು ಪುಟದ ಪುಸ್ತಕವನ್ನು ಒಂದೇ ಸಲಕ್ಕೆ ತೆರೆಯುತ್ತಾರೆ, ಪುಟ ಗುಂಡಿ ಒತ್ತಿದ ಕೂಡಲೇ ತಿರುಗುತ್ತದೆ. ಮೆಮೊರಿಯಲ್ಲಿ ಖಾಲಿ ಜಾಗ ಕಡಿಮೆ ಕಾಣುತ್ತಿದೆಯಲ್ಲ ಎಂದು ಒಂದು ದಿನ ಫೋನ್ ಮಾಡಿದ್ದರು. ಲಿನಕ್ಸ್ ಉಳಿದ ಜಾಗದಲ್ಲಿ ಈಗಾಗಲೇ ಓದಿದ ಫೈಲುಗಳನ್ನು ಇಟ್ಟುಕೊಂಡಿರುತ್ತದೆ, ಬೇಕಾದಾಗ ತಕ್ಷಣ ಬಿಟ್ಟುಕೊಡುತ್ತದೆ, ಅದನ್ನು ಸ್ವಚ್ಛಗೊಳಿಸುತ್ತೇವೆ ಎನ್ನುವ ಯಾವ ತಂತ್ರಾಂಶವನ್ನೂ ಹಾಕಬೇಡಿ ಎಂದು ವಿವರಿಸಿದೆ.

ತೆಗೆದ 4 ಜಿಬಿ ಸ್ಟಿಕ್ಕನ್ನು, ಹೊಸದು ಬಂದಿದ್ದ ಬೆಳ್ಳಿಬಣ್ಣದ ಚೀಲದಲ್ಲಿಯೇ ಹಾಕಿ ಇಟ್ಟಿದ್ದೇನೆ. ಊರಿನ ಶಾಲೆಯೊಂದರ ಕಂಪ್ಯೂಟರಿನಲ್ಲಿ ಇರುವುದು 2 ಜಿಬಿ. ಅದೂ ಡಿಡಿಆರ್3, ಒಂದು ಸ್ಲಾಟ್ ಖಾಲಿಯಿದೆ ಎಂಬುದನ್ನು ಅಪ್ಪ ಮುಚ್ಚಳ ತೆಗೆದು ತಾವೇ ನೋಡಿ ಬಂದಿದ್ದಾರೆ. ಬರುವ ಶನಿವಾರ ಇಬ್ಬರೂ ಹೋಗಿ ಹಾಕಿ ಬರುತ್ತೇವೆ.