ನಡುಗೋಡೆಯ ಕಿಂಡಿ

12 ಜುಲೈ 2025, ಶನಿವಾರ, ರಾತ್ರಿ 11

ತಂಗಿಯ ಮಗು ಹುಟ್ಟಿ ಒಂದು ದಿನ. ಬೆಳಿಗ್ಗೆ ಮಕ್ಕಳ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಸ್ವಲ್ಪ ಜಾಸ್ತಿ ಹೊತ್ತೇ ಕೇಳಿಸಿಕೊಂಡರು. "ಸಣ್ಣ ಮರ್ಮರ್ ಇದೆ, ನಾಳೆ ಮತ್ತೆ ನೋಡೋಣ" ಅಂದರು. ಮರ್ಮರ್ ಅಂದರೆ ಎದೆಬಡಿತದ ಜೊತೆ ಕೇಳುವ ಹೆಚ್ಚಿನ ಶಬ್ದ. ಅಷ್ಟೇ. ಅಮ್ಮನ ಕಿವಿಗೆ ಅದು "ಹೃದಯದಲ್ಲಿ ತೂತು" ಅಂತ ಬಿತ್ತು.

ಡಾಕ್ಟರ ಹಿಂದೆ ಓಡಿದೆ. "ತೂತಿದೆಯಾ ಡಾಕ್ಟ್ರೇ?"

"ಹುಟ್ಟುವ ತನಕ ನಿಮಗೂ ಇತ್ತು, ನನಗೂ ಇತ್ತು" ಅಂದು ಚೀಟಿಯ ಹಿಂದೆ ಚಿತ್ರ ಬರೆದರು. ಚಿತ್ರವೂ ಅವರ ಕೈಬರಹದ ಹಾಗೇ ಇತ್ತು, ಪುಣ್ಯಕ್ಕೆ ಬಾಯಲ್ಲೂ ಹೇಳಿದರು.

ಹೊಟ್ಟೆಯಲ್ಲಿದ್ದಾಗ ಮಗುವಿನ ಶ್ವಾಸಕೋಶದ ತುಂಬಾ ನೀರು. ಅಲ್ಲಿಗೆ ರಕ್ತ ಹೋಗಿ ಮಾಡುವುದೇನು? ಆಮ್ಲಜನಕ ಬರುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಆ ಒಳ್ಳೆ ರಕ್ತದ ಹೆಚ್ಚಿನ ಪಾಲು ಹೃದಯದ ಬಲ ಮೇಲ್ಕೋಣೆಗೆ ಬಂದು, ನಡುಗೋಡೆಯ ಕಿಂಡಿಯಲ್ಲಿ ಎಡಕ್ಕೆ ದಾಟಿ, ಮೆದುಳಿನ ಕಡೆ ಹೊರಡುತ್ತದೆ. ಬಲ ಕೆಳಕೋಣೆಗೆ ಇಳಿದದ್ದು ಶ್ವಾಸಕೋಶದ ದಾರಿ ಹಿಡಿದರೂ, ಬಹುಪಾಲು ಡಕ್ಟಸ್ ಅನ್ನೋ ಅಡ್ಡದಾರಿಯಲ್ಲಿ ಮಹಾಪಧಮನಿಗೆ ತಪ್ಪಿಸಿಕೊಳ್ಳುತ್ತದೆ.

ಮಗು ಮೊದಲ ಉಸಿರು ಎಳೆದ ಕೂಡಲೇ ಶ್ವಾಸಕೋಶ ಅರಳಿ, ಬಿಗಿದುಕೊಂಡಿದ್ದ ರಕ್ತನಾಳಗಳು ಸಡಿಲವಾಗುತ್ತವೆ. ರಕ್ತ ಅಲ್ಲಿಗೆ ನುಗ್ಗಿ ಎಡಗಡೆಗೆ ವಾಪಸ್ ಬರುತ್ತದೆ. ಎಡಗಡೆ ಒತ್ತಡ ಏರುತ್ತದೆ. ಇತ್ತ ಬಳ್ಳಿ ಕಟ್ಟಿದ ಮೇಲೆ ಬಲಗಡೆಗೆ ಬರುವ ರಕ್ತ ಕಡಿಮೆ. ಕಿಂಡಿಗೆ ಒಂದು ತೆಳು ಪರದೆ ಇದೆಯಂತೆ, ಅದು ಗೋಡೆಗೆ ಒತ್ತಿ ಕೂರುತ್ತದೆ. ನಾವು ಹೊರಗೆ ಅಳು ಕೇಳಿ ನಗುತ್ತಿದ್ದೆವು. ಒಳಗೆ ಇಷ್ಟೆಲ್ಲ ನಡೆದಿತ್ತು!

ಡಕ್ಟಸ್‌ಗೆ ಮಾತ್ರ ಅವಸರವಿಲ್ಲ. ರಕ್ತದಲ್ಲಿ ಆಮ್ಲಜನಕ ಏರಿ, ಮಾಸಿನಿಂದ ಬರುತ್ತಿದ್ದ, ಡಕ್ಟಸ್ ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಇಳಿದಂತೆ ಅದು ಮುದುಡುತ್ತದೆ. ತಿಂಗಳು ತುಂಬಿದ ಮಕ್ಕಳಲ್ಲಿ ಸಾಮಾನ್ಯವಾಗಿ 2-3 ದಿನ ಬೇಕು. "ಈ ಶಬ್ದ ಅದರದ್ದೇ ಇರಬಹುದು. ನಾಳೆಯೂ ಇದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡೋಣ" ಅಂದರು.

"ಇರಬಹುದು" ಅನ್ನೋ ಮಾತು ಇದೆಯಲ್ಲ, ಅದನ್ನು ಅಮ್ಮನಿಗೆ ಹೇಳಲಿಲ್ಲ.

ಇನ್ನೊಂದು ಹೇಳಿದರು. ದೊಡ್ಡವರಲ್ಲಿ ಸುಮಾರು 4 ಜನರಲ್ಲಿ ಒಬ್ಬರಿಗೆ ಆ ಪರದೆ ಪೂರ್ತಿ ಅಂಟಿರುವುದೇ ಇಲ್ಲವಂತೆ. ಬಹಳಷ್ಟು ಜನಕ್ಕೆ ಅದು ಗೊತ್ತೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಯಾರದ್ದೋ. ಸುಮ್ನೆ ಎಣಿಸುತ್ತಾ ಕೂತೆ.

ಈಗ ಮಗು ಮಲಗಿದೆ. ಎದೆಯ ಮೇಲೆ ಎರಡು ಬೆರಳಿಟ್ಟೆ. ಎಷ್ಟು ಜೋರಾಗಿ ಓಡುತ್ತೆ ಇದು! ತಂಗಿ ಕಣ್ಣು ಬಿಟ್ಟು "ಏನೋ ಅದು?" ಅಂದಳು. "ಏನಿಲ್ಲ, ಮಲಗು" ಅಂದೆ. ಡಾಕ್ಟರು 8 ಗಂಟೆಗೆ ಬರ್ತಾರೆ, ಅಷ್ಟರೊಳಗೆ ಆ ಡಕ್ಟಸ್ ಒಂಚೂರು ಮುದುಡಿದರೆ ಸಾಕು…