ಕಿತ್ತೂರು ಚೆನ್ನಮ್ಮನ ವೇಷ: 300 ರೂಪಾಯಿಯೊಳಗೆ, ರಾಜ್ಯೋತ್ಸವಕ್ಕೆ

ಅಕ್ಟೋಬರ್ 5

ತೊಡುವವಳು ಎಂಟು ವರ್ಷದ ಹುಡುಗಿ, ಎತ್ತರ 125 ಸೆಂ.ಮೀ. ನವೆಂಬರ್ 1ಕ್ಕೆ ಬೆಳಗಾವಿಯ ಮೆರವಣಿಗೆಯಲ್ಲಿ ನಡೆಯಬೇಕು. ವೇದಿಕೆ ಮೇಲೆ ಎರಡು ನಿಮಿಷ ನಿಲ್ಲುವ ವೇಷವೇ ಬೇರೆ, ಬಿಸಿಲಲ್ಲಿ ತಾಸುಗಟ್ಟಲೆ ನಡೆಯುವ ವೇಷವೇ ಬೇರೆ. ಹಾಗಾಗಿ ಪ್ರತಿಯೊಂದಕ್ಕೂ ಮೊದಲು ತೂಕ ನೋಡಬೇಕು. ಆಮೇಲೆ, ನಡುವೆ ಮಗುವಿಗೆ ಬಚ್ಚಲಿಗೆ ಹೋಗಬೇಕಾದರೆ ಎಷ್ಟು ಬೇಗ ಬಿಚ್ಚಿ ಮತ್ತೆ ಕಟ್ಟಬಹುದು ಅನ್ನುವುದನ್ನು ನೋಡಬೇಕು. ಬಾಡಿಗೆ ವೇಷದಲ್ಲಿ ಇವೆರಡನ್ನೂ ಯಾರೂ ಯೋಚಿಸಿರುವುದಿಲ್ಲ.

ಸೀರೆ ಮನೆಯದೇ, ಹಳೆಯ ಇಳಕಲ್, ಆರು ಗಜದ್ದು. ಕತ್ತರಿ ಹಾಕುವ ಮಾತೇ ಇಲ್ಲ. ಸೀರೆಯ ಅಗಲ ಸುಮಾರು 115 ಸೆಂ.ಮೀ., ಹುಡುಗಿಯ ನಡುವಿನಿಂದ ಹಿಮ್ಮಡಿವರೆಗೆ 70. ಮೇಲಿನ 45 ಸೆಂ.ಮೀ. ಒಳಕ್ಕೆ ಮಡಚಿ, ಉದ್ದಕ್ಕೂ ಕೈಯಿಂದ ಕಚ್ಚಾ ಹೊಲಿಗೆ ಹಾಕಿದೆ. ಹಬ್ಬ ಮುಗಿದ ಮೇಲೆ ದಾರ ಎಳೆದರೆ ಸೀರೆ ಮೊದಲಿನಂತೆಯೇ. ಮಡಚಿದ ಭಾಗ ಕೆಳಗಡೆ ಬಂದರೆ ಕಾಲಿಗೆ ಸಿಕ್ಕಿ ಮುಗ್ಗರಿಸುತ್ತಾರೆ, ಅಂಚಿನ ಚೆಂದವೂ ಮುಚ್ಚಿಹೋಗುತ್ತದೆ.

ಮುಂದಿನ ನಿರಿಗೆಗಳನ್ನು ಒಂದು ಅಗಲ ಎಲಾಸ್ಟಿಕ್ ಪಟ್ಟಿಗೆ ಟಾಕಿ ಹಾಕಿ ಕೂರಿಸಿದೆ. ಕಚ್ಚೆಯ ತುದಿಯನ್ನು ಹಿಂದೆ ಸಿಕ್ಕಿಸಿದರಷ್ಟೇ ಸಾಲದು, ಮಗು ಒಮ್ಮೆ ಕೂತೆದ್ದರೆ ಬಿಚ್ಚಿಕೊಳ್ಳುತ್ತದೆ. ಟಿಚ್ ಬಟನ್ ಕೂಡ ಎಳೆತಕ್ಕೆ ಬಿಡುತ್ತದೆ. ದೊಡ್ಡ ಹುಕ್ಕು ಎರಡು ಹೊಲಿದರೆ ಗಟ್ಟಿ, ತೆಗೆಯುವುದೂ ಸುಲಭ. ಒಳಗೆ ಮೊಣಕಾಲುದ್ದದ ಹತ್ತಿ ಚಡ್ಡಿ ಇರಲೇಬೇಕು.

ಕುಪ್ಪಸಕ್ಕೆ ಗುಳೇದಗುಡ್ಡದ ಖಣದ ಹಳೆಯ ಕುಪ್ಪಸವನ್ನೇ ಬಿಚ್ಚಿ ಚಿಕ್ಕದು ಮಾಡಿಸಿದ್ದಾಯಿತು. ಖಣದ ಕತ್ತರಿಸಿದ ಅಂಚಿನಿಂದ ಎಳೆ ಬಿಡುತ್ತದೆ. ಹೊಲಿಗೆ ಆಚೆ 2 ಸೆಂ.ಮೀ. ಬಿಡಿ.

ಅಕ್ಟೋಬರ್ 12

ಗುರಾಣಿ ಮತ್ತು ಖಡ್ಗ. ಮೊದಲು ಅಂಟು: ಒಂದು ಬಟ್ಟಲು ಮೈದಾವನ್ನು ಒಂದು ಬಟ್ಟಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಮೂರು ಬಟ್ಟಲು ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ತಿರುವಬೇಕು. ಹುಳ ಹಿಡಿಯದಿರಲಿ ಎಂದು ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳು ಹಿಡಿಯುವ ವಸ್ತುವಿಗೆ ಬೇಡವೇ ಬೇಡ. ಬೇಕಾದಷ್ಟೇ ಕಾಯಿಸಿದರೆ ಆಯಿತು.

ಗುರಾಣಿಗೆ ಪೆಟ್ಟಿಗೆಯ ರಟ್ಟಿನಲ್ಲಿ 30 ಸೆಂ.ಮೀ. ಅಗಲದ ಎರಡು ಬಿಲ್ಲೆ. ಅಂಚಿನಿಂದ ನಡುವಿನತ್ತ 6 ಸೆಂ.ಮೀ. ಉದ್ದದ ಎಂಟು ಸೀಳು. ಪ್ರತಿ ಸೀಳಿನ ಅಂಚನ್ನು ಪಕ್ಕದ್ದರ ಮೇಲೆ 1 ಸೆಂ.ಮೀ. ಏರಿಸಿ ಅಂಟಿಸಿದರೆ ಬಿಲ್ಲೆ ತಾನಾಗಿ ಬಟ್ಟಲಾಗುತ್ತದೆ. ಎರಡು ಬಿಲ್ಲೆಗಳ ಒಳಗೆರೆಗಳು (ರಟ್ಟಿನ ಒಳಪದರದ ಅಲೆಯಂಥ ಗೆರೆಗಳು) ಒಂದಕ್ಕೊಂದು ಅಡ್ಡ ಬರಬೇಕು, ಸೀಳುಗಳು ಒಂದರ ಮೇಲೊಂದು ಬರಬಾರದು. ಹಿಡಿಕೆಯ ನವಾರ ಪಟ್ಟಿಯನ್ನು ಎರಡು ಬಿಲ್ಲೆ ಸೇರಿಸುವ ಮುಂಚೆಯೇ ಒಳಬಿಲ್ಲೆಯ ಸೀಳಿನಿಂದ ತೂರಿಸಿ, ತುದಿಗಳನ್ನು ನಡುವೆ ಸಿಕ್ಕಿಸಿ ಅಂಟಿಸಿ. ಮೇಲಿಂದ ಅಂಟಿಸಿದ ಹಿಡಿಕೆ ಮೆರವಣಿಗೆ ಅರ್ಧ ಮುಗಿಯುವಷ್ಟರಲ್ಲಿ ಕಿತ್ತುಬರುತ್ತದೆ. ಕಾಗದದ ಪದರವನ್ನು ಹೊರಗೂ ಒಳಗೂ ಅಂಟಿಸಬೇಕು. ಒಂದೇ ಕಡೆ ಒದ್ದೆಯಾದ ರಟ್ಟು ಸೊಟ್ಟಗಾಗುತ್ತದೆ. ಮುಂದೆ ನಾಲ್ಕು ಬಾಟಲಿ ಮುಚ್ಚಳ, ಗುರಾಣಿಯ ಮೇಲಿನ ಉಬ್ಬುಗುಬ್ಬಿಗಳ ಜಾಗದಲ್ಲಿ.

ಖಡ್ಗದ ಅಲಗು 50 ಸೆಂ.ಮೀ. ಉದ್ದ, ರಟ್ಟು ಮೂರು ಪದರ, ಒಳಗೆರೆಗಳೆಲ್ಲ ಉದ್ದಕ್ಕೇ. ಅಡ್ಡಕ್ಕೆ ಇದ್ದರೆ ನಡುವೆಯೇ ಮಡಚಿಕೊಳ್ಳುತ್ತದೆ. ತುದಿ ಗುಂಡಗಿರಲಿ. ಬಿದಿರು ಕಡ್ಡಿ, ತಗಡು ಬೇಡ, ಸುತ್ತ ಬೇರೆ ಮಕ್ಕಳಿರುತ್ತಾರೆ. ಬೆಳ್ಳಿ ಬಣ್ಣಕ್ಕೆ ಮುಂಚೆ ಫೆವಿಕಾಲ್ ಮತ್ತು ನೀರು ಸಮಸಮ ಬೆರೆಸಿ ಒಂದು ಕೈ ಬಳಿದು ಒಣಗಿಸಬೇಕು. ಇಲ್ಲದಿದ್ದರೆ ಕಾಗದ ಬಣ್ಣವನ್ನೆಲ್ಲ ಕುಡಿದು ಬೂದಿ ಬಣ್ಣ ಉಳಿಯುತ್ತದೆ.

ಅಕ್ಟೋಬರ್ 19

ಕೊರಳಿನ ಮಣಿಸರ ಬೋರಮಾಳಕ್ಕೆ ಹಳೆ ಕ್ಯಾಲೆಂಡರ್. 20 ಸೆಂ.ಮೀ. ಉದ್ದ, ಬುಡದಲ್ಲಿ 1.5 ಸೆಂ.ಮೀ. ಅಗಲ, ತುದಿ ಚೂಪಾದ ಪಟ್ಟಿಗಳು. ಅಗಲದ ಕಡೆಯಿಂದ ಪೆನ್ನಿನ ರೀಫಿಲ್‌ಗೆ ಬಿಗಿಯಾಗಿ ಸುತ್ತುತ್ತ ಬಂದರೆ ನಡು ಉಬ್ಬಿ ಬೋರೆಹಣ್ಣಿನ ಆಕಾರದ ಮಣಿಯಾಗುತ್ತದೆ. ಪಟ್ಟಿ ಒಂದು ಬದಿಗೆ ಸರಿದರೆ ಮಣಿ ಸೊಟ್ಟ, ಅಲ್ಲೇ ಬಿಚ್ಚಿ ಮತ್ತೆ ಸುತ್ತಿ. ಬಂಗಾರದ ಬಣ್ಣ ಹಚ್ಚಿ ದಾರಕ್ಕೆ ಪೋಣಿಸಿದರೆ ನಾಲ್ಕು ಹೆಜ್ಜೆ ದೂರದಿಂದ ಕಾಗದ ಎಂದು ಯಾರೂ ಹೇಳಲಾರರು. ಇಡೀ ವೇಷದಲ್ಲಿ ನಮಗೆ ಅತಿ ಹಿಡಿಸಿದ ಕೆಲಸ ಇದು.

ಸೊಂಟಕ್ಕೆ ಕಟ್ಟುವ ಡಾಬಿಗೆ ರಟ್ಟು ನಡೆಯುವುದಿಲ್ಲ, ಬಾಗಿದಲ್ಲಿ ಮುರಿಯುತ್ತದೆ. ಹಳೆ ರೆಕ್ಸಿನ್ ಪಟ್ಟಿಯ ಮೇಲೆ ಜರಿ ಲೇಸನ್ನು ಅಂಟಿಸದೆ ಹೊಲಿದಿದೆ.

ಅಕ್ಟೋಬರ್ 23

1824ರಲ್ಲಿ ಇದೇ ದಿನ ಕಿತ್ತೂರಿನವರು ಕಂಪನಿಯ ಪಡೆಯನ್ನು ಸೋಲಿಸಿದ್ದು. ಪೂರ್ತಿ ವೇಷ ತೊಡಿಸಿ ನೋಡಲು ಈ ದಿನವನ್ನೇ ಇಟ್ಟುಕೊಂಡಿದ್ದೆವು. ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಕಾಕತಿಯಲ್ಲಿ. ಯುದ್ಧದ ಹೊತ್ತಿಗೆ 46ರ ಆಸುಪಾಸು. ಆಕೆಗೆ ಮದುಮಗಳ ಅಲಂಕಾರ ಮಾಡಿ ನಿಲ್ಲಿಸುವುದು ನಮಗೆ ಸರಿ ಕಾಣುವುದಿಲ್ಲ. ಒಂದೆಳೆ ಬೋರಮಾಳ, ಡಾಬು, ಹಣೆಗೆ ಮೂರು ಬೆರಳಿನ ವಿಭೂತಿ ಸಾಕು. ವಿಭೂತಿ ಒದ್ದೆಯಿದ್ದಾಗ ಮಾಸಲು ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಅವಸರಪಟ್ಟು ದಪ್ಪಗೆ ಬಳಿದರೆ ಬೆವರಿಗೆ ಉದುರಿ ಕಣ್ಣಿಗೆ ಬೀಳುತ್ತದೆ.

ಖರ್ಚು ಈವರೆಗೆ: ಲೇಸು 60, ಎರಡು ಡಬ್ಬಿ ಬಣ್ಣ 100, ಎಲಾಸ್ಟಿಕ್ 15, ಹುಕ್ಕು ಮತ್ತು ಪಿನ್ನು 20, ನವಾರ 15, ಕುಪ್ಪಸದ ಹೊಲಿಗೆ 50. ಒಟ್ಟು 260.

ತಲೆಯುಡುಗೆ ಬಾಕಿ. ರಟ್ಟಿನ ಕಿರೀಟ ಹಣೆಗೆ ಒತ್ತುತ್ತದೆ. ಹಳೆ ಹತ್ತಿ ಟೋಪಿಯ ಮೇಲೆ ದುಪಟ್ಟಾ ಸುತ್ತಿ ಅಲ್ಲಲ್ಲಿ ಟಾಕಿ ಹಾಕಿದರೆ ರುಮಾಲಿನಂತೆ ಕಾಣುತ್ತದೆ, ಸೆಕೆಯಾದಾಗ ಇಡಿಯಾಗಿ ತೆಗೆದಿಡಬಹುದು. ಉಳಿದ 40 ರೂಪಾಯಿ ಅದರ ಅಂಚಿನ ಜರಿಗೆ.